ಮುಚ್ಚದ ರೆಪ್ಪೆ, ಕಾಯಬೇಕಾದ ಕಣ್ಣು



ಕಣದಲ್ಲಿ ರಾಗಿ ತೂರುವಾಗ ಹೊಟ್ಟು ಹಾರಿ ಬಂದರೆ, ನಮಗೆ ಅರಿವಾಗುವ ಮೊದಲೇ ರೆಪ್ಪೆ ಮುಚ್ಚಿಕೊಳ್ಳುತ್ತದೆ. ಸುಮ್ಮನೆ ಕುಳಿತಾಗಲೂ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿದು, ಕರಿಗುಡ್ಡೆಯ ಮೇಲಿನ ಪಾರದರ್ಶಕ ಪಟಲಕ್ಕೆ ಕಣ್ಣೀರು ಸವರುತ್ತದೆ. ಈ ಕೆಲಸ ನಿಂತರೆ ಪಟಲ ಒಣಗಿ ಹುಣ್ಣಾಗುತ್ತದೆ.

ನಮ್ಮ ಧರ್ಮಕೇಂದ್ರದ ಹಿರಿಯರೊಬ್ಬರಿಗೆ ಒಂದು ಸುಗ್ಗಿಯಲ್ಲಿ ಬೆಳಗ್ಗೆ ಏಳುವಾಗ ಬಾಯಿ ಸೊಟ್ಟಗಾಗಿತ್ತು, ಬಲಗಣ್ಣು ಮುಚ್ಚುತ್ತಿರಲಿಲ್ಲ. 'ಗಾಳಿ ಬಡಿದಿದೆ' ಎಂದು ಮನೆಯವರು ಕಣ್ಣಿಗೆ ಸೊಪ್ಪಿನ ರಸ ಹಿಂಡಿದರು. ವಿಷಯ ನಮಗೆ ತಿಳಿದದ್ದು ಹತ್ತು ದಿನಗಳ ಮೇಲೆ. ಮುಖವೇನೋ ಮೂರು ತಿಂಗಳಲ್ಲಿ ನೆಟ್ಟಗಾಯಿತು. ಕಣ್ಣಿನ ಬಿಳಿ ಕಲೆ ಮಾತ್ರ ಉಳಿದುಬಿಟ್ಟಿತು.

ಇದು ಗಾಳಿಯಲ್ಲ. ರೆಪ್ಪೆಯನ್ನು ಮುಚ್ಚಿಸುವುದು ಕಿವಿಯ ಹಿಂಬದಿಯಿಂದ ಬರುವ ಮುಖದ ನರ. ಅದು ಊದಿಕೊಂಡು ಸೋತಾಗ ಹಣೆ, ಕಣ್ಣು, ಬಾಯಿ ಮೂರೂ ಒಂದೇ ಪಕ್ಕದಲ್ಲಿ ಸಡಿಲವಾಗುತ್ತವೆ. 'ಬೆಲ್ಸ್ ಪಾಲ್ಸಿ' ಎಂಬ ಈ ಕಾಯಿಲೆಗೆ ಸ್ಕಾಟ್ಲೆಂಡಿನ ವೈದ್ಯ ಚಾರ್ಲ್ಸ್ ಬೆಲ್ (1774–1842) ಅವರ ಹೆಸರಿದೆ. ಹೆಚ್ಚಿನವರು ಕೆಲವು ವಾರಗಳಲ್ಲಿ ಅಥವಾ ತಿಂಗಳುಗಳಲ್ಲಿ ಗುಣವಾಗುತ್ತಾರೆ. ಮೂರು ದಿನಗಳೊಳಗೆ ವೈದ್ಯರು ಮಾತ್ರೆ ಆರಂಭಿಸಿದರೆ ಗುಣವಾಗುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರು ಅದನ್ನು ವೈದ್ಯರಿಗೆ ಮೊದಲೇ ಹೇಳಬೇಕು.

ಬಾಯಿ ಸೊಟ್ಟಗಾಗುವುದರ ಜೊತೆಗೆ ಕೈಕಾಲು ಸೋತರೆ ಅಥವಾ ಮಾತು ತೊದಲಿದರೆ ಅದು ಪಾರ್ಶ್ವವಾಯು ಆಗಿರಬಹುದು. ಆಗ ಒಂದು ಗಂಟೆಯೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಕುಷ್ಠರೋಗವೂ ಈ ನರವನ್ನು ಕೆಡಿಸಬಲ್ಲದು. ಕೆನ್ನೆಯ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ಮುಚ್ಚಿಡಬೇಡಿ. ಸರಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ. ಈ ರೋಗದಲ್ಲಿ ಕಣ್ಣಿನ ಸ್ಪರ್ಶವೂ ಹೋಗಿ, ಹುಣ್ಣಾದರೂ ನೋವು ತಿಳಿಯದೆ ಇರಬಹುದು. ಆದ್ದರಿಂದ ದಿನವೂ ಕನ್ನಡಿಯಲ್ಲಿ ಕಣ್ಣು ನೋಡಿಕೊಳ್ಳಬೇಕು.

ರೆಪ್ಪೆ ಸರಿಹೋಗುವವರೆಗೆ ಮನೆಯಲ್ಲಿ ಮಾಡಬೇಕಾದದ್ದು ಇಷ್ಟು:

1. ವೈದ್ಯರು ಕೊಟ್ಟ ಕೃತಕ ಕಣ್ಣೀರಿನ ಹನಿಯನ್ನು ಹಗಲಿನಲ್ಲಿ ಹಲವು ಸಲ, ಮುಲಾಮನ್ನು ರಾತ್ರಿ ಹಾಕಿ.

2. ಮಲಗುವಾಗ ರೆಪ್ಪೆಯನ್ನು ಬೆರಳಿನಿಂದ ಪೂರ್ತಿ ಮುಚ್ಚಿ, ಆಸ್ಪತ್ರೆಯ ಕಾಗದದ ಪಟ್ಟಿ ಅಂಟಿಸಿ. ಅಂಟಿಸುವ ಕ್ರಮವನ್ನು ನರ್ಸ್ ಅವರಿಂದ ಕಲಿಯಿರಿ. ಪಟ್ಟಿಯ ಕೆಳಗೆ ಕಣ್ಣು ತೆರೆದಿದ್ದರೆ ಉಜ್ಜಿ ಗಾಯವಾಗುತ್ತದೆ.

3. ಹೊರಗೆ ಹೋಗುವಾಗ ಬದಿ ಮುಚ್ಚುವ ಕನ್ನಡಕ ಹಾಕಿ. ತೂರುವುದು, ಔಷಧಿ ಸಿಂಪಡಿಸುವುದು ಬೇರೆಯವರ ಪಾಲಿಗಿರಲಿ.

4. ನೆನಪು ಮಾಡಿಕೊಂಡು ಆಗಾಗ ಕಣ್ಣು ಮುಚ್ಚಲು ಪ್ರಯತ್ನಿಸಿ.

5. ಸೊಪ್ಪಿನ ರಸ, ಎದೆಹಾಲು, ಚೀಟಿಯಿಲ್ಲದೆ ಅಂಗಡಿಯಿಂದ ತಂದ ಹನಿ ಬೇಡ.

ಕಣ್ಣು ಕೆಂಪಾಗುವುದು, ನೋವು, ಬೆಳಕು ನೋಡಲಾಗದಿರುವುದು, ಮಂಜು, ಬಿಳಿ ಚುಕ್ಕೆ, ಇವುಗಳಲ್ಲಿ ಒಂದು ಕಂಡರೂ ಅಂದೇ ಕಣ್ಣಿನ ವೈದ್ಯರ ಬಳಿಗೆ ಹೋಗಿ. ಸುಗ್ಗಿ ಒಂದು ದಿನ ತಡವಾದರೆ ನಾಳೆ ಮುಗಿಸಬಹುದು. ಹುಣ್ಣಾದ ಕಣ್ಣಿಗೆ ಆ ಒಂದು ದಿನವೇ ದೊಡ್ಡದು.