ಅಭ್ಯರ್ಥಿಯ ಆಯ್ಕೆಯೂ ಜಯಸಾಧ್ಯತೆಯೂ

ಅರ್ಥ: ಸಾರ್ವತ್ರಿಕ ಚುನಾವಣೆಗೆ ಮುನ್ನ ಪಕ್ಷವೊಂದು ತನ್ನ ಅಭ್ಯರ್ಥಿಯನ್ನು ಸದಸ್ಯರ ಅಥವಾ ಬೆಂಬಲಿಗರ ಮತದಿಂದ ಆರಿಸುವ ಕ್ರಮವೇ ಪ್ರಾಥಮಿಕ ಚುನಾವಣೆ. ಅಮೆರಿಕದಲ್ಲಿ ಇದಕ್ಕೆ ರಾಜ್ಯಗಳ ಶಾಸನವೇ ಆಧಾರವಾಗಿದ್ದರೆ, ಭಾರತದಲ್ಲಿ ಅಂತಹ ಶಾಸನವಿಲ್ಲದೆ, 1968ರ ಚುನಾವಣಾ ಚಿಹ್ನೆಗಳ ಆದೇಶಾನುಸಾರ ಪಕ್ಷದ ವರಿಷ್ಠರು ತಮ್ಮ ಅಧಿಕೃತ ಅಭ್ಯರ್ಥಿಯನ್ನು ಸೂಚಿಸಿ ಕೊಡುವ ಬಿ ಫಾರಮೇ ನಿರ್ಣಾಯಕವಾಗಿದೆ.

ಕರ್ನಾಟಕದ ಪ್ರಯೋಗ: 2014ರ ಲೋಕಸಭಾ ಚುನಾವಣೆಗೆ ಕಾಂಗ್ರೆಸ್ ಪಕ್ಷವು ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಕ್ಷೇತ್ರಗಳಲ್ಲಿ ಆಂತರಿಕ ಮತದಾನ ನಡೆಸಿ, ಕ್ರಮವಾಗಿ ಸಿ. ನಾರಾಯಣಸ್ವಾಮಿ ಮತ್ತು ಬಿ. ಜನಾರ್ದನ ಪೂಜಾರಿಯವರನ್ನು ಆರಿಸಿತು. ಆದರೆ ಕಾರ್ಯಕರ್ತರ ವಿಶ್ವಾಸ ಗಳಿಸಿದ ಈ ಈರ್ವರೂ ಕ್ರಮವಾಗಿ ಭಾಜಪದ ಡಿ.ವಿ. ಸದಾನಂದ ಗೌಡ ಹಾಗೂ ನಳಿನ್ ಕುಮಾರ್ ಕಟೀಲರೆದುರು ಪರಾಜಿತರಾದರು. ಪಕ್ಷದೊಳಗಿನ ಮತದಾರನೂ ಯಾವ ಪಕ್ಷಕ್ಕೂ ಬದ್ಧನಾಗದ ಮತದಾರನೂ ಭಿನ್ನರೆಂಬ ತತ್ತ್ವಕ್ಕೆ ಇದು ನಿದರ್ಶನ.

ಕೊಪ್ಪಳ: ಜಯಸಾಧ್ಯತೆಯ ಪ್ರಶ್ನೆಗೆ ಕೊಪ್ಪಳ ಲೋಕಸಭಾ ಕ್ಷೇತ್ರ ಇನ್ನೊಂದು ಉದಾಹರಣೆ. ಭಾಗ್ಯನಗರದ ನೇಕಾರರು, ಗಂಗಾವತಿಯ ಭತ್ತದ ಬೆಳೆಗಾರರು, ಕುಷ್ಟಗಿ-ಯಲಬುರ್ಗಾಗಳ ಮಳೆಯಾಶ್ರಿತ ಕೃಷಿಕರು ಒಂದೇ ಕ್ಷೇತ್ರದಲ್ಲಿ ಸೇರಿರುವುದರಿಂದ, ಇಲ್ಲಿ ಜಯಸಾಧ್ಯತೆಯೆಂಬುದು ಬಹುವಿಧ ಹಿತಗಳನ್ನು ಸಮನ್ವಯಗೊಳಿಸುವ ಸಾಮರ್ಥ್ಯವೇ ಆಗಿದೆ. 2014 ಮತ್ತು 2019ರಲ್ಲಿ ಗೆದ್ದಿದ್ದ ಕರಡಿ ಸಂಗಣ್ಣನವರ ಬದಲು 2024ರಲ್ಲಿ ಭಾಜಪವು ಡಾ. ಬಸವರಾಜ ಕ್ಯಾವಟರ್ ಅವರನ್ನು ನಿಲ್ಲಿಸಿತು, ಸಂಗಣ್ಣನವರು ಕಾಂಗ್ರೆಸ್ ಸೇರಿದರು, ಕಾಂಗ್ರೆಸ್ಸಿನ ಕೆ. ರಾಜಶೇಖರ ಹಿಟ್ನಾಳರು ವಿಜಯಿಯಾದರು.

ನೆನಪಿಡಿ:
• ಕೊಪ್ಪಳ ಲೋಕಸಭಾ ಕ್ಷೇತ್ರದ 8 ವಿಧಾನಸಭಾ ಕ್ಷೇತ್ರಗಳು: ಕೊಪ್ಪಳ, ಗಂಗಾವತಿ, ಕನಕಗಿರಿ, ಕುಷ್ಟಗಿ, ಯಲಬುರ್ಗಾ, ಸಿಂಧನೂರು, ಮಸ್ಕಿ, ಸಿರುಗುಪ್ಪ.
• ಪಕ್ಷಗಳ ನೋಂದಣಿ: 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 29ಎ ಕಲಂ.
• ಪಕ್ಷಾಂತರ ನಿಷೇಧ: 52ನೇ ತಿದ್ದುಪಡಿ, 1985, 10ನೇ ಅನುಸೂಚಿ.

ಅಭ್ಯರ್ಥಿಯ ಆಯ್ಕೆಯಲ್ಲಿ ಕಾರ್ಯಕರ್ತನ ನಿಷ್ಠೆಗೂ ಸಾಮಾನ್ಯ ಪ್ರಜೆಯ ವಿವೇಚನೆಗೂ ಸಮಾನ ಮನ್ನಣೆ ದೊರೆತಾಗಲೇ ಪ್ರಜಾಪ್ರಭುತ್ವವು ಸಾರ್ಥಕವಾಗುವುದು.