ತುತ್ತು ಸಿಕ್ಕಿಕೊಂಡರೆ ಗದರಿಸಬೇಡಿ, ಡಾಕ್ಟರಿಗೆ ತೋರಿಸಿ



ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ನಾವು ಮುದ್ದೆಯನ್ನು ಅಗಿಯೋದಿಲ್ಲ, ನುಂಗುತ್ತೇವೆ. ಮನೆಯಲ್ಲಿ ಯಾರಾದರೂ ತುತ್ತು ತುತ್ತಿಗೂ ನೀರು ಕುಡಿದರೆ, ಚಪಾತಿ, ಮಾಂಸ ಬೇಡವೆಂದರೆ, "ಊಟದಲ್ಲೂ ಸೋಮಾರಿತನ" ಎಂದು ಬೈಯುತ್ತೇವೆ. ಆದರೆ ಅದು ಕಾಯಿಲೆ ಇರಬಹುದು.

ಏನಿದು?
ಕೆಲವರಿಗೆ ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ, ಮೀನು ಇಂಥ ಯಾವುದಾದರೂ ಆಹಾರ ಒಗ್ಗುವುದಿಲ್ಲ. ಆಗ ಇಯೋಸಿನೊಫಿಲ್ ಎಂಬ ಬಿಳಿ ರಕ್ತಕಣಗಳು ಅನ್ನನಾಳದಲ್ಲಿ ಸೇರಿ ಉರಿಯೂತ ತರುತ್ತವೆ. ಡಾಕ್ಟರುಗಳು ಇದನ್ನು ಇಯೋಸಿನೊಫಿಲಿಕ್ ಈಸೊಫೆಜೈಟಿಸ್ ಎನ್ನುತ್ತಾರೆ. ಇದು ಅಂಟುರೋಗವಲ್ಲ. ಉಬ್ಬಸ, ಅಲರ್ಜಿ ಇರುವವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು.

ಬಿಟ್ಟರೆ ಏನಾಗುತ್ತದೆ?
ಮಕ್ಕಳಿಗೆ ವಾಂತಿ, ಹೊಟ್ಟೆನೋವು ಬರುತ್ತದೆ, ತೂಕ ಏರುವುದಿಲ್ಲ. ವರ್ಷಗಳು ಕಳೆದಂತೆ ಅನ್ನನಾಳ ಗಟ್ಟಿಯಾಗಿ ಕಿರಿದಾಗುತ್ತದೆ. ಒಂದು ದಿನ ತುತ್ತು ಪೂರಾ ಸಿಕ್ಕಿಕೊಳ್ಳುತ್ತದೆ. ಉಗುಳೂ ಇಳಿಯದಿದ್ದರೆ ಅನ್ನದ ಉಂಡೆ, ಬಾಳೆಹಣ್ಣು ನುಂಗಿಸಬೇಡಿ, ಬಲವಂತವಾಗಿ ವಾಂತಿ ಮಾಡಿಸಬೇಡಿ, ಅನ್ನನಾಳ ಹರಿಯಬಹುದು. 108ಕ್ಕೆ ಫೋನ್ ಮಾಡಿ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.

ಪರೀಕ್ಷೆ
ರಕ್ತಪರೀಕ್ಷೆ ಒಂದೇ ಸಾಲದು. ಎಂಡೋಸ್ಕೋಪಿ ಮಾಡಿ, ಅನ್ನನಾಳದಿಂದ ಚೂರು ತೆಗೆದು ನೋಡಬೇಕು. ನುಂಗಲು ಕಷ್ಟವಾಗುವುದು ಕ್ಯಾನ್ಸರ್ ಲಕ್ಷಣವೂ ಆಗಬಹುದು. ವಯಸ್ಸಾದವರಿಗೆ ಹೀಗಾದರೆ, ತೂಕ ಇಳಿದರೆ, ಒಂದು ವಾರವೂ ಕಾಯಬೇಡಿ.

ಚಿಕಿತ್ಸೆ
1. ಆಮ್ಲ ಕಡಿಮೆ ಮಾಡುವ ಒಮೆಪ್ರಜೋಲ್‌ನಂಥ ಮಾತ್ರೆ, ಸಾಮಾನ್ಯವಾಗಿ 8ರಿಂದ 12 ವಾರ ಕೊಟ್ಟು ನೋಡುತ್ತಾರೆ.
2. ನುಂಗುವ ಸ್ಟೀರಾಯ್ಡ್ ಔಷಧಿ. ತೆಗೆದುಕೊಂಡ ಮೇಲೆ ಅರ್ಧ ಗಂಟೆ ಏನೂ ತಿನ್ನಬಾರದು, ಕುಡಿಯಬಾರದು. ಆಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು.
3. ಪಥ್ಯ. ಹಾಲು ಅಥವಾ ಗೋಧಿ ಬಿಡಲು ಹೇಳಬಹುದು. ಡಾಕ್ಟರನ್ನು ಕೇಳದೆ ಮಕ್ಕಳಿಗೆ ಹಾಲು ನಿಲ್ಲಿಸಬೇಡಿ. ನಿಲ್ಲಿಸಬೇಕಾದರೆ ಕ್ಯಾಲ್ಸಿಯಂಗೆ ನಮ್ಮ ರಾಗಿ ಇದೆ. 100 ಗ್ರಾಂನಲ್ಲಿ ಸುಮಾರು 350 ಮಿ.ಗ್ರಾಂ. ನುಂಗಲಾಗದವರಿಗೆ ಅಂಬಲಿ ಮಾಡಿಕೊಡಿ.
4. ಅನ್ನನಾಳ ಕಿರಿದಾಗಿದ್ದರೆ ಬಲೂನ್ ಹಾಕಿ ಹಿಗ್ಗಿಸುತ್ತಾರೆ. ಅದರಿಂದ ಉರಿಯೂತ ಹೋಗುವುದಿಲ್ಲ, ಔಷಧಿ ಮುಂದುವರಿಯಬೇಕು.

ಆರಾಮಾಯಿತೆಂದು ಔಷಧಿ ಬಿಟ್ಟರೆ ಕಾಯಿಲೆ ಮರಳುತ್ತದೆ.

ಖರ್ಚಿಗೆ ಹೆದರಿ ಬಡ್ಡಿ ಸಾಲಕ್ಕೆ ಓಡಬೇಡಿ. ಮೊದಲು ತಾಲ್ಲೂಕು ಆಸ್ಪತ್ರೆಗೆ ಹೋಗಿ. ರೇಷನ್ ಕಾರ್ಡ್, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಜೊತೆಗಿರಲಿ. ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ಅಲ್ಲಿಂದಲೇ ಚೀಟಿ ಬರೆಸಿಕೊಳ್ಳಿ.

ಸಭೆಯಲ್ಲಿ ಚರ್ಚಿಸಿ
1. ನಮ್ಮ ಮನೆಯಲ್ಲಿ ಊಟಕ್ಕೆ ಎಲ್ಲರಿಗಿಂತ ಹೆಚ್ಚು ಹೊತ್ತು ತೆಗೆದುಕೊಳ್ಳುವವರು ಯಾರು? ಏಕೆಂದು ಕೇಳಿದ್ದೇವೆಯೇ?
2. ತುತ್ತು ಸಿಕ್ಕಿಕೊಂಡಾಗ ಏನು ಮಾಡಬಾರದು?