‘ಟೇಕ್’ ಎಂದರೆ ‘ತೆಗೆದುಕೊ’ ಮಾತ್ರವೇ?

ಇಂಗ್ಲಿಷಿನ ‘ಟೇಕ್’ ಎಂಬ ಕ್ರಿಯಾಪದವನ್ನು ನಾವು ದಿನಕ್ಕೆ ಎಷ್ಟು ಬಾರಿ ಬಳಸುತ್ತೇವೋ ಲೆಕ್ಕವಿಲ್ಲ. ಇದಕ್ಕೆ ನಾವು ಮೊದಲು ಕಲಿಯುವ ಅರ್ಥ ‘ತೆಗೆದುಕೊ’. ಎಲ್ಲ ಕಡೆಯೂ ಇದನ್ನೇ ಅಂಟಿಸಿದರೆ ಏನಾಗುತ್ತದೆ, ನೋಡೋಣ.

ನಾರ್ತ್ ಯಾರ್ಕ್‌ನ ಮಗುವೊಂದು ಫೋನಿನಲ್ಲಿ ಮೈಸೂರಿನ ಅಜ್ಜಿಗೆ “ಫಿಂಚ್‌ನಲ್ಲಿ ಬಸ್ ತಗೊಂಡೆ” ಎಂದರೆ ಅಜ್ಜಿ “ಎಷ್ಟು ಕೊಟ್ಟೆ ಪುಟ್ಟಾ?” ಎಂದು ಕೇಳಿಯಾರು! ಅಜ್ಜಿಯದೇನೂ ತಪ್ಪಿಲ್ಲ. ‘ಕೊಳ್ಳು’ ಎಂಬ ಧಾತುವಿಗೆ ಪಡೆಯುವ ಅರ್ಥದ ಜೊತೆಗೆ ಹಣ ಕೊಟ್ಟು ಖರೀದಿಸುವ ಅರ್ಥವೂ ಹಳಗನ್ನಡದಿಂದಲೇ ಇದೆ. ನಾವು ಬಸ್ಸನ್ನು ‘ಹತ್ತುತ್ತೇವೆ’, ಬಸ್ಸಿನಲ್ಲಿ ‘ಹೋಗುತ್ತೇವೆ’. ಹಾಗೆಯೇ ಫೋಟೋ ‘ತೆಗೆಯುತ್ತೇವೆ’, ಸ್ನಾನ ‘ಮಾಡುತ್ತೇವೆ’. ಫಿಂಚ್‌ನಿಂದ ಯೂನಿಯನ್‌ಗೆ ಸಬ್‌ವೇಯಲ್ಲಿ ಸುಮಾರು ಅರ್ಧ ಗಂಟೆ ‘ಹಿಡಿಯುತ್ತದೆ’. ಪುಸ್ತಕವನ್ನು ‘ತೆಗೆದುಕೊಂಡು’ ಹೋಗಬಹುದು, ತಂಗಿಯನ್ನು ಮಾತ್ರ ‘ಕರೆದುಕೊಂಡು’ ಹೋಗಬೇಕು. ಇಂಗ್ಲಿಷಿಗೆ ಎಲ್ಲಕ್ಕೂ ‘ಟೇಕ್’ ಒಂದೇ ಸಾಕು. ‘ಟೇಕ್ ಕೇರ್’ ಅನ್ನು ‘ಕಾಳಜಿ ತೆಗೆದುಕೊ’ ಎನ್ನುವವರಿದ್ದಾರೆ. ‘ಹುಷಾರು’ ಎಂದರೆ ಆಯಿತಲ್ಲ!

ಪಾಲಕರಿಗೂ ಒಂದು ಮಾತು. ಭಾರತದಲ್ಲಿ ಅನೇಕರು ಇಂಗ್ಲಿಷ್ ಮಾತನಾಡುವಾಗ ಪರೀಕ್ಷೆಯನ್ನು ‘ಗಿವ್’ ಮಾಡುತ್ತಾರೆ. ಇಲ್ಲಿ ‘ಗಿವ್’ ಮಾಡುವವರು ಶಿಕ್ಷಕರು, ‘ಟೇಕ್’ ಮಾಡುವವರು ವಿದ್ಯಾರ್ಥಿಗಳು. “ಮೈ ಸನ್ ಈಸ್ ಗಿವಿಂಗ್ ಎ ಟೆಸ್ಟ್” ಎಂದು ಶಾಲೆಗೆ ಚೀಟಿ ಬರೆದರೆ ಮಗನನ್ನೇ ಮೇಷ್ಟ್ರು ಮಾಡಿದಂತಾಗುತ್ತದೆ. ಕೆನಡಾದವರು ಪರೀಕ್ಷೆಗೆ ‘ರೈಟ್’ ಎಂದೂ ಹೇಳುವುದುಂಟು. ನಮ್ಮ ‘ಪರೀಕ್ಷೆ ಬರೆ’ಗೆ ಎಷ್ಟು ಹತ್ತಿರ!

ಇನ್ನು ರೂಪಗಳು: ಟೇಕ್, ಟುಕ್, ಟೇಕನ್. ‘ಐ ಟುಕ್’ ಸರಿ, ‘ಐ ಹ್ಯಾವ್ ಟೇಕನ್’ ಸರಿ. ‘ಐ ಹ್ಯಾವ್ ಟುಕ್’ ತಪ್ಪು. ‘ಡಿಡ್’ ಬಂದರೆ ಮತ್ತೆ ‘ಟೇಕ್’: ‘ಐ ಡಿಡ್ ನಾಟ್ ಟೇಕ್’.